ಹತ್ತಿ ಹಸಿಯೋ ಒಣಗಿದ್ದೋ

೧. ವಿಭೂತಿ

ಮೊದಲ ಸಲ ಚಾಲೂ ಮಾಡಿದಾಗ ಮೀಟರು ಹತ್ತಿಯನ್ನು ಹಸಿ ಎಂದಿತು. ಒಣ ಟವೆಲನ್ನೂ ಹಸಿ ಎಂದಿತು. ಹೊರಗೆ ಒಯ್ದು ಹಿಡಿದರೆ ಆದೋನಿಯ ಬಿಸಿಲೂ ಹಸಿ ಎಂದಿತು.

ಅದನ್ನು ಮಾಡಿದವಳು ಇಲ್ಲೇ ಆಂಧ್ರದ ಗಡಿಯ ಹಾಲಹರವಿ ಕಡೆಯ ಹುಡುಗಿ. ಇಂಜಿನಿಯರಿಂಗ್ ಕೊನೆಯ ವರ್ಷ. ವಿದ್ಯಾರ್ಥಿಗಳ ತಲೆಯಲ್ಲಿರುವುದನ್ನು ಕೈಗೆ ಸಿಗುವ ಯಂತ್ರ ಮಾಡಿಸಲು ವಿಶ್ವವಿದ್ಯಾಲಯ ಒಂದು ಶೆಡ್ ನಡೆಸುತ್ತದೆ. ನಾನು ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಈಗ ಆ ಶೆಡ್ಡಿನ ಸಾಮಾನು ನೋಡಿಕೊಳ್ಳುತ್ತೇನೆ.

ಹತ್ತಿಕಾಳನ್ನು ಹಲ್ಲಲ್ಲಿ ಕಚ್ಚಿ ನೋಡುವುದು ಇಲ್ಲಿಯ ಪದ್ಧತಿ. ಟಕ್ ಎಂದರೆ ಹತ್ತಿ ಒಣಗಿದೆ. ಮೆತ್ತಗಾದರೆ ಹಸಿ. ಹೋದ ವರ್ಷ ಹತ್ತಿ ಕೊಳ್ಳುವ ಒಬ್ಬ ಸಾವಕಾರ ಹುಡುಗಿಯ ಅಪ್ಪನ ಹತ್ತಿಯ ಕಾಳು ಕಚ್ಚಿ, ಹಸಿ ಎಂದು ತೂಕ ಮುರಿದುಕೊಂಡಿದ್ದ.

"ಹಲ್ಲಿನ ಜೋಡಿ ವಾದ ಮಾಡಾಕ ಬರಂಗಿಲ್ಲ ತಾತಾ" ಎಂದಳು. ಅದಕ್ಕೇ ಈ ಮೀಟರು. ಹತ್ತಿಗೆ ಚುಚ್ಚಲು ಅಕ್ಕಪಕ್ಕ ಎರಡು ಮೊಳೆ, ಮೇಲೆ ಅಂಕಿ. ಒಂದು ಮೊಳೆಯಿಂದ ಇನ್ನೊಂದಕ್ಕೆ ಕರೆಂಟು ದಾಟಿದರೆ ಹಸಿ, ದಾಟದಿದ್ದರೆ ಒಣ.

ಮೂರು ದಿನ ಪ್ರೋಗ್ರಾಂ ತಿದ್ದಿದಳು. ಬಿಸಿಲು ಹಸಿಯಾಗಿಯೇ ಉಳಿಯಿತು. ನಾಲ್ಕನೆಯ ದಿನ ಬೇಗ ಬಂದಳು. ನಾನು ಮೀಟರಿನ ಮುಂದೆ ನಿಂತಿದ್ದೆ. ಬೆರಳಲ್ಲಿ ಒದ್ದೆ ವಿಭೂತಿ.

"ತಾತಾ, ದಿನಾ ಹಚ್ಚತೀರೇನು?"

"ದಿನಾ. ಹಚ್ಚದ ಯಾವ ಮಷೀನೂ ನಾ ಚಾಲೂ ಮಾಡಿಲ್ಲ."

"ಎರಡೂ ಮೊಳಿಗೆ ಸೇರಿಸಿ?"

"ಅಡ್ಡಕ್ಕ ಮೂರು ಎಳಿ ಮತ್ತ ಹೆಂಗ ಎಳೀತಾರ?"

ಅವಳು ಚಿಂದಿ ಬಟ್ಟೆ ತೆಗೆದುಕೊಂಡಳು. ಮೊಳೆ ಒರೆಸಿದಳು. ಬಿಸಿಲು ಒಣಗಿತು.

೨. ನಾಡಿ

ಶೆಡ್ಡಿನ ನಿಯಮ ಒಂದಿದೆ. ಯಂತ್ರವನ್ನು ನಿಜವಾಗಿ ಬಳಸುವವರೊಬ್ಬರು ಬಳಸಿ ನೋಡಿ, ಬೇಕು ಎಂದು ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ಯಂತ್ರದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಾಮಾನು ಬಿಚ್ಚಿ ಕಪಾಟಿಗೆ, ಮೇಜು ಮುಂದಿನವರಿಗೆ. ಹುಡುಗಿಗೆ ಉಳಿದದ್ದು ನಾಲ್ಕು ದಿನ.

ಮಾರ್ಕೆಟ್ ಯಾರ್ಡಿಗೆ ಹೋದೆವು. ಯಾರೂ ಹತ್ತಿಗೆ ಚುಚ್ಚಲು ಬಿಡಲಿಲ್ಲ. ಒಬ್ಬ ದಲ್ಲಾಳಿ ಮಾತ್ರ ಬೆವರಿದ ಅಂಗೈ ಚಾಚಿದ.

"ಹತ್ತಿ ಆಮ್ಯಾಲ. ಮೊದಲು ನನ್ನ ಬಿಪಿ ನೋಡವ್ವಾ."

ಅವಳು ಮೊಳೆಗಳನ್ನು ಅಂಗೈಗೆ ಮುಟ್ಟಿಸಿದಳು. "ಹಸಿ ಅಂತದ" ಎಂದಳು.

ಪಕ್ಕದ ದಲ್ಲಾಳಿ ತಲೆ ಎತ್ತಲಿಲ್ಲ. "ಹಂಗಾದ್ರ ಇನ್ನಾ ಜೀವ ಐತಿ ಬಿಡು" ಎಂದ.

ಎಲ್ಲರೂ ನಕ್ಕರು. ಸಹಿ ಯಾರೂ ಹಾಕಲಿಲ್ಲ.

೩. ಟಕ್

ಉಳಿದವನು ಆ ಸಾವಕಾರ ಒಬ್ಬನೇ. ಅವಳಪ್ಪನ ಹತ್ತಿಯನ್ನು ಹಸಿ ಎಂದವನು. ಯಾರ್ಡಿನಲ್ಲಿ ಅವನ ಹಲ್ಲಿನ ಮಾತೇ ಕೊನೆಯ ಮಾತು. ಹುಡುಗಿ ಬರಲು ಒಲ್ಲೆ ಎಂದಳು. ಮಿಲ್ಲಿನ ಕಾಲದಿಂದ ನನಗೆ ಅವನ ಪರಿಚಯ. ಕರೆದುಕೊಂಡು ಹೋದೆ.

ಅಂಗಡಿಯ ಮುಂದೆ ಹತ್ತಿಯ ರಾಶಿ. ತಂದ ರೈತ ಅಲ್ಲೇ ನಿಂತಿದ್ದ. ಸಾವಕಾರ ಒಂದು ಕಾಳು ಕಚ್ಚಿದ.

"ಹಸಿ."

ಹುಡುಗಿ ಮೀಟರು ಚುಚ್ಚಿದಳು. "ಒಣಗೈತಿ ರೀ."

"ನಾನು ನಲವತ್ತು ವರ್ಷದಿಂದ ಕಚ್ಚಾಕತ್ತೀನಿ. ನಿನ್ನ ಡಬ್ಬಿ ಹುಟ್ಟಿ ಎಷ್ಟು ದಿನ ಆತು?"

ಹುಡುಗಿ ಅದೇ ರಾಶಿಯಿಂದ ಒಂದು ಕಾಳು ಬಿಡಿಸಿ ತಾನೇ ಕಚ್ಚಿದಳು.

ಟಕ್.

ಹಮಾಲರು ತಿರುಗಿ ನೋಡಿದರು. ರೈತನೂ ಒಂದು ಕಚ್ಚಿದ. ಟಕ್. ಸಾವಕಾರ ಇನ್ನೊಂದು ಕಚ್ಚಿದ. ಸದ್ದಿಲ್ಲ. ಅವನು ಎದ್ದು ನಮ್ಮಿಬ್ಬರನ್ನು ಒಳಗೆ ಕರೆದ. ಬಾಗಿಲು ಹಾಕಿದ. ಬಾಯಿಗೆ ಕೈ ಹಾಕಿ ಮೇಲಿನದು, ಕೆಳಗಿನದು, ಎರಡೂ ಹಲ್ಲಿನ ಸೆಟ್ಟು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಹೋದ ವರ್ಷ ದಸರಾಕ್ಕ ಹಾಕ್ಸಿದ್ದು" ಎಂದ. ಮಾತು ಗಾಳಿಯಂತೆ ಬಂತು. "ಕಾಳು ಕಚ್ಚಿದ್ರ ಇದ ಜಾರತದ. ಏನೂ ತಿಳಿಯಂಗಿಲ್ಲ."

"ಮತ್ತ ಇಷ್ಟು ದಿನ?" ಎಂದೆ.

"ಎಲ್ಲಾ ಹಸಿ ಅಂದೆ. ಹಸಿ ಅಂದ್ರ ನನಗೇನೂ ನಷ್ಟ ಇಲ್ಲಲ್ಲ."

"ನಮ್ಮಪ್ಪಂದೂ ದಸರಾ ಆದಮ್ಯಾಲ ತಂದಿದ್ದು" ಎಂದಳು ಹುಡುಗಿ.

ಅವನು ಅವಳನ್ನು ನೋಡಿದ. ಅಂಗೈ ನೋಡಿದ. "ಎಲ್ಲಿ ಸೈನ್ ಮಾಡ್ಲಿ?" ಎಂದ.

ಶೆಡ್ಡಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಈ ಯಂತ್ರದಿಂದ ಯಾವ ತೊಂದರೆ ನೀಗುತ್ತದೆ? ಸಾವಕಾರ ಸೆಟ್ಟು ಮತ್ತೆ ಹಾಕಿಕೊಂಡು, ತೆಲುಗಿನಲ್ಲಿ ಒಂದೇ ಪದ ಬರೆದ. ಹಲ್ಲು.

ಹೊರಗೆ ಬಂದು ರೈತನಿಗೆ "ಒಣಗೈತಿ, ತೂಗ್ರಿ" ಎಂದ.

ಶೆಡ್ಡಿನ ಕಮಿಟಿಯವರು ಆ ಪದವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಓದಿದರು. ಹತ್ತಿಯ ಮೀಟರಿಗೂ ಹಲ್ಲಿಗೂ ಏನು ಸಂಬಂಧವೆಂದು ಯಾರಿಗೂ ಅರ್ಥವಾಗಲಿಲ್ಲ. ಪಾಸು ಮಾಡಿದರು.

ಮೀಟರು ಈಗ ಸಾವಕಾರನ ಮೇಜಿನ ಮೇಲಿದೆ. ಡಬ್ಬಿಗೆ ವಿಭೂತಿ ಇದೆ, ಮೊಳೆಗೆ ಇಲ್ಲ. ಪಕ್ಕದ ಲೋಟದಲ್ಲಿ ಹಲ್ಲಿನ ಸೆಟ್ಟು ಇದೆ.