ಮಾಸ್ತರ್ರ ಮದುವೆ ಡಿಸ್ಕು

ಕಂಪ್ಯೂಟರ್ ರಿಪೇರಿ ಅಂಗಡಿಗೆ ಜನ ಕೆಟ್ಟ ಯಂತ್ರದ ಜೊತೆ ತಮ್ಮ ಜಾಣತನವನ್ನೂ ಹೊತ್ತು ತರುತ್ತಾರೆ. ಯಂತ್ರವಾದರೆ ಹೇಗೋ ರಿಪೇರಿಯಾಗುತ್ತದೆ.

ಜಹೀರಾಬಾದಿನ ನನ್ನ ಅಂಗಡಿಗೆ ತಪ್ಪದೆ ಬರುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮಾಸ್ತರ್ರು. ಈಗ ಸಂಬಂಧ ಕೂಡಿಸುವುದೇ ಅವರ ಕೆಲಸ. ತಾಂಡೂರಿನಿಂದ ಬೀದರ್ ತನಕ ನಮ್ಮವರಲ್ಲಿ ಮದುವೆ ವಯಸ್ಸಿಗೆ ಬಂದ ಹುಡುಗ ಹುಡುಗಿಯರ ವಿವರವೆಲ್ಲ ಅವರ ಕಂಪ್ಯೂಟರಿನಲ್ಲಿತ್ತು. ಮೂವತ್ತನಾಲ್ಕು ದಾಟಿದ ನನ್ನದೂ ಇತ್ತು. ಆ ಡಿಸ್ಕ್ ಕೆಟ್ಟರೆ ನನ್ನ ಮದುವೆಯೂ ಕೆಟ್ಟಂತೆ.

೧. ಮೂರು ಪ್ರತಿ

"ಬ್ಯಾಕಪ್ ಅದ ಏನ್ರೀ?" ಎಂದು ಕೇಳಿದೆ.

"ಎರಡು ಅವ," ಎಂದರು ಹೆಮ್ಮೆಯಿಂದ.

ನೋಡಿದರೆ ಎರಡನೆಯದು ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿತ್ತು. "ಡಿಸ್ಕ್ ಹೋದ್ರ ಎರಡೂ ಹೋಗ್ತಾವ್ರೀ."

"ನಂಗ ಅಷ್ಟೂ ತಿಳೀದಿಲ್ಲೇನು? ಅದಕ್ಕ ಮೂರನೇದೂ ಮಾಡೀನಿ."

ಅದೂ ಅಲ್ಲೇ ಇತ್ತು.

೨. ಸ್ವಚ್ಛ ಜಾಗ

ಕಡೆಗೆ ಬೇರೆ ಡಿಸ್ಕಿಗೆ ಪೂರಾ ನಕಲು ಮಾಡಿಕೊಟ್ಟು, "ಕಂಪ್ಯೂಟರಿನಿಂದ ದೂರ, ಸ್ವಚ್ಛ ಜಾಗದಾಗ ಇಡ್ರೀ" ಎಂದೆ. ತಿಂಗಳಲ್ಲೇ ಅದು ಸತ್ತು ಬಂತು. ತಂತಿ ಸಿಕ್ಕಿಸುವ ತೂತಿನ ತುಂಬ ವಿಭೂತಿ.

"ಎಲ್ಲಿ ಇಟ್ಟಿದ್ರಿ?"

"ಮನ್ಯಾಗ ದೇವರ ಜಗಲಿಗಿಂತ ಸ್ವಚ್ಛ ಜಾಗ ಯಾವುದದ?"

"ಮತ್ತ ಒಳಗ ನೀರೂ ಹೋಗ್ಯಾದಲ್ರೀ!"

"ಅಭಿಷೇಕ ಸೋಮವಾರ ಅಷ್ಟೇ," ಎಂದರು.

೩. ಅಳಿಯ ಕೇಳಿದ

ಮತ್ತೊಂದು ಡಿಸ್ಕಿಗೆ ನಕಲು ಮಾಡಿಕೊಟ್ಟೆ. ಹಬ್ಬಕ್ಕೆ ನಾರಾಯಣಖೇಡದಿಂದ ಅವರ ಅಳಿಯ ಬಂದ. ಅದನ್ನು ಕಂಡು, ಸಿನಿಮಾ ತುಂಬಿಕೊಳ್ಳೋಕೆ ಬೇಕೆಂದ. ಮಾವ ಕೊಟ್ಟೇ ಬಿಟ್ಟರು. ಅವನು ಊರು ಮುಟ್ಟಿದ ದಿನವೇ ಒಳಗಿದ್ದುದನ್ನೆಲ್ಲ ಅಳಿಸಿದ.

"ಅಳಿಯಗ ಇಲ್ಲ ಅನ್ನಾಕ ಬರ್ತದೇನ್ರೀ?" ಎಂದು ನನ್ನನ್ನೇ ಕೇಳಿದರು.

"ಅವ್ರಿಗೆ ಜರಾ ಬೈಬೇಕಿತ್ತು."

"ಹ್ಯಾಂಗ ಬೈಲಿ? ನಾನೇ ನೋಡಿ ಮಾಡಿದ ಸಂಬಂಧ."

೪. ನಂಬಿಕಸ್ಥ ವಿಧಾನ

ಈ ನಡುವೆ ಅವರ ಕಂಪ್ಯೂಟರಿನೊಳಗಿನ ಹಳೇ ಡಿಸ್ಕೇ ಟಕಟಕ ಎನ್ನತೊಡಗಿತು. ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು ಮಾಸ್ತರ್ರು ಮೆಲ್ಲಗೆ ಹೇಳಿದರು: "ಪೆದ್ದೆಮುಲ್‌ದ ಹುಡುಗಿ. ತಾಂಡೂರಾಗ ಟೀಚರ್. ನಿಮ್ಮ ಫೋಟೋ ನೋಡಿ ಹ್ಞೂಂ ಅಂದಾಳ. ಅವರ ಮನೀ ನಂಬರ್, ವಿವರ ಎಲ್ಲಾ ಇದರಾಗೇ ಅದ."

ನನಗೆ ಕುಣಿಯುವಷ್ಟು ಖುಷಿಯಾಯಿತು. "ಈ ಸಲ ನೀವು ಮುಟ್ಟಬ್ಯಾಡ್ರೀ. ಎಲ್ಲಾ ನಾನೇ ಮಾಡ್ತೀನಿ," ಎಂದೆ.

ಹೊಸ ಡಿಸ್ಕ್ ಜೋಡಿಸಿದೆ. ಯಾವುದರಿಂದ ಯಾವುದಕ್ಕೆ ಎಂದು ಕಂಪ್ಯೂಟರ್ ಕೇಳಿತು. ಮನಸ್ಸು ಪೆದ್ದೆಮುಲ್‌ನಲ್ಲಿತ್ತು, ಗುಂಡಿ ಒತ್ತಿದೆ. ಕೆಲಸ ಸಂಪೂರ್ಣ ಯಶಸ್ವಿ ಎಂದು ತೋರಿಸಿತು. ನಿಜವೇ. ಖಾಲಿ ಡಿಸ್ಕಿನ ಖಾಲಿತನವೆಲ್ಲ ಚಾಚೂತಪ್ಪದೆ ಹಳೇ ಡಿಸ್ಕಿಗೆ ನಕಲಾಗಿತ್ತು.

ಮದುವೆಯನ್ನು ನನ್ನ ಕೈಯಾರೆ ಅಳಿಸಿಕೊಂಡಿದ್ದೆ. ಮಾಸ್ತರ್ರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ತಲೆ ಮೇಲೆ ಕೈಹೊತ್ತು ಕೂತರು.

ತೊಗರಿಕಾಯಿ ಸುಲಿಯುತ್ತಿದ್ದ ಅವರ ಹೆಂಡತಿ ತಲೆಯೆತ್ತದೆ ಹೇಳಿದರು: "ಇಷ್ಟಕ್ಯಾಕ ಪರೇಶಾನ್ ಆಗ್ತೀರಿ? ವಹಿ ತಗೊಂಡು ಬರಕೋರಿ."

ಅವರು ಬಾಯಿಪಾಠ ಒಪ್ಪಿಸಿದಂತೆ ಹೇಳತೊಡಗಿದರು. ಪೆದ್ದೆಮುಲ್‌ದ ಹುಡುಗಿಯ ಎತ್ತರ, ಓದು, ಅವಳ ಸೋದರಮಾವನ ಊರು, ಅವಳ ತಾಯಿಯ ಫೋನ್ ನಂಬರು, ಒಂದಕ್ಕೂ ತಡವರಿಸಲಿಲ್ಲ. ರಾಯಿಕೋಡದ ನಾಲ್ವರು, ಬೊಮ್ರಾಸಪೇಟದ ಅಕ್ಕತಂಗಿಯರು, ಎಲ್ಲರೂ ಸಾಲಾಗಿ ಬಂದರು. ಇಷ್ಟು ದಿನ ಬ್ಯಾಕಪ್ ಅಡುಗೆಮನೆಯಲ್ಲೇ ಇತ್ತು. ಅದನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕೊನೆಗೆ ನನ್ನ ಸರದಿ. "ಹುಡುಗ ಜಹೀರಾಬಾದದಾಂವ. ಕಂಪ್ಯೂಟರ್ ಅಂಗಡಿ, ಸ್ವಂತ ಮನಿ. ಕುಡಿಯೂದಿಲ್ಲ." ಆಮೇಲೆ ನನ್ನನ್ನೊಮ್ಮೆ ನೋಡಿದರು. "ಜತನದಿಂದ ಇಡಬೇಕಾದ್ದು ಏನೂ ಇವನ ಕೈಗೆ ಕೊಡಬ್ಯಾಡ್ರೀ. ಹುಡುಗಿಗಿ ಮೊದಲೇ ಹೇಳಿರಬೇಕು, ಬರಕೋರಿ."

ಮಾಸ್ತರ್ರು ಬರೆದುಕೊಂಡರು. ಆಮೇಲೆ ನಾನು ಇಷ್ಟು ದಿನ ಹೇಳಿಕೊಟ್ಟ ಹಾಗೇ, ಅದನ್ನು ಇನ್ನೊಂದು ವಹಿಯಲ್ಲೂ ಬರೆದು, ಪಕ್ಕದ ಮನೆಯಲ್ಲಿ ಇಟ್ಟುಬಂದರು.