ಕೊಲೆಗಾರನನ್ನು ಗೇಟಿನಲ್ಲೇ ತೋರಿಸಿದವರಿಗೆ

ನಮ್ಮೂರಿನ ಹಳೆಯ ಚಿತ್ರಮಂದಿರದ ಮಾನ್ಯ ವ್ಯವಸ್ಥಾಪಕರೇ,

ಅಶೋಕಪುರಂನ ನಿವೃತ್ತ ಶಾಲಾ ಶಿಕ್ಷಕಿ ಪುಟ್ಟಲಿಂಗಮ್ಮ ಮಾಡುವ ಅನಂತ ನಮಸ್ಕಾರಗಳು. ‘ಹನ್ನೊಂದನೇ ಮೆಟ್ಟಿಲು’ ಎಂಬ ನಲವತ್ತು ವರ್ಷ ಹಳೆಯ ಪತ್ತೇದಾರಿ ಚಿತ್ರವನ್ನು ಮತ್ತೆ ತೆರೆಗೆ ತಂದ ತಮ್ಮ ರಸಿಕತೆಗೆ ಮೊದಲು ಅಭಿನಂದನೆ. ಎರಡೂವರೆ ಗಂಟೆ ಕಾದು ತಿಳಿಯಬೇಕಾದ ಕೊಲೆಗಾರನನ್ನು ಚಾಕು ಸಮೇತ ಗೇಟಿನ ಪಕ್ಕದ ಆಳೆತ್ತರದ ಫ್ಲೆಕ್ಸಿನಲ್ಲೇ ತೋರಿಸಿ, ಪ್ರೇಕ್ಷಕರ ಅಮೂಲ್ಯ ಸಮಯ ಉಳಿಸಿದ ತಮ್ಮ ಔದಾರ್ಯವನ್ನಂತೂ ಎಷ್ಟು ಹೊಗಳಿದರೂ ಸಾಲದು.

ಆ ಚಿತ್ರದ ಮೊದಲ ಪೋಸ್ಟರ್ ಬರೆದವರು ನಮ್ಮ ಯಜಮಾನರು, ಸಣ್ಣಮಾದಯ್ಯನವರು. ಅವರು ಬರೆದದ್ದು ಮೆಟ್ಟಿಲುಗಳು, ಕಂಬಿ ಹಿಡಿದ ಒಂದು ಕೈ, ಅಷ್ಟೇ. ಬೆರಳ ತುದಿಗೆ ಮಾತ್ರ ಬೆಳಕು ಬಿಟ್ಟು ಉಳಿದದ್ದನ್ನು ಕಡುನೀಲಿಯಲ್ಲಿ ಮುಳುಗಿಸಿದ್ದರಿಂದ, ಅದು ಹೆಣ್ಣಿನ ಕೈಯೋ ಗಂಡಿನ ಕೈಯೋ ಎಂದು ವಾದಕ್ಕೆ ನಿಂತವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರಂತೆ. ಮುಖ ಬರೆಯಲೇಬೇಕೆಂದು ನಿರ್ಮಾಪಕರು ಪಟ್ಟು ಹಿಡಿದಾಗ ಇವರು, “ಮುಖ ಇಲ್ಲೇ ಕಂಡ್ಬುಟ್ರೆ ಜನ ಒಳಕ್ಯಾಕೆ ಬತ್ತಾರೆ ಸ್ವಾಮಿ?” ಎಂದು ಕುಂಚ ಕೆಳಗಿಟ್ಟರಂತೆ.

ನಾನಾಗ ಬಾಣಂತನಕ್ಕೆ ತವರಿನಲ್ಲಿದ್ದೆ. ಹಿಂತಿರುಗುವಷ್ಟರಲ್ಲಿ ಚಿತ್ರ ಎತ್ತಿದ್ದರು. ಕೊಲೆಗಾರ ಯಾರೆಂದು ಅಂದಿನಿಂದ ಎಷ್ಟು ಕೇಳಿದರೂ, ನೋಡಿಯೇ ತಿಳಿಯಬೇಕು ಎಂದು ಇವರು ಬಾಯಿ ಬಿಟ್ಟವರಲ್ಲ. ಮಗಳು ಧರಣಿಯ ಮದುವೆ ಮಾತುಕತೆಯನ್ನು ಒಂದೇ ಸಂಜೆಯಲ್ಲಿ ಇಡೀ ಬೀದಿಗೆ ಹಂಚಿದ ಮನುಷ್ಯ, ಇದೊಂದನ್ನು ಜೋಪಾನ ಮಾಡಿದ್ದರು.

ಕಳೆದ ಭಾನುವಾರ ಮ್ಯಾಟಿನಿಗೆ ಬಂದೆವು. ಆಟೋ ಇಳಿಯುತ್ತಲೇ ತಮ್ಮ ಫ್ಲೆಕ್ಸ್ ಕಂಡ ಇವರು, ಎಪ್ಪತ್ತೆರಡರ ಮಂಡಿನೋವು ಮರೆತು ಓಡಿ, ಅದಕ್ಕೆ ಬೆನ್ನುಕೊಟ್ಟು ಛತ್ರಿ ಬಿಚ್ಚಿ ನಿಂತರು. “ಇತ್ತ ನೋಡ್ಬೇಡ ಕಣಮ್ಮಿ, ನೆಟ್ಟಗೆ ಒಳಕ್ಕೆ ನಡಿ” ಎಂದರು. ನಾನು ಅದಾಗಲೇ ನೋಡಿಯಾಗಿತ್ತು. ಯಾರನ್ನೆಂದು ಇಲ್ಲಿ ಬರೆಯಲಾರೆ. ಎಲ್ಲರೂ ತಮ್ಮಷ್ಟು ಉದಾರಿಗಳಾಗಿರುವುದಿಲ್ಲ.

ಏನೂ ಕಾಣಲಿಲ್ಲ ಎಂದು ಒಳಗೆ ನಡೆದೆ. ವಿರಾಮದಲ್ಲಿ, ನನಗೆ ಅಡುಗೆಯವಳ ಮೇಲೇ ಅನುಮಾನ ಎಂದೆ. ಇವರು ಮೀಸೆಯಲ್ಲೇ ನಕ್ಕರು. ಕೊನೆಗೆ ಮೆಟ್ಟಿಲ ಮೇಲೆ ದೀಪ ಹತ್ತಿದಾಗ ಇವರು ಪರದೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. “ಇವನಾ?” ಎಂದು ತೋಳು ಹಿಡಿದುಕೊಂಡೆ. ಮನೆ ಮುಟ್ಟುವವರೆಗೂ ಇವರ ಮುಖದ ಖುಷಿ ಇಳಿಯಲಿಲ್ಲ. ಈ ದಾಂಪತ್ಯದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು. ಹೇಳಿಸಿದ ಪುಣ್ಯ ತಮ್ಮದು.

ಆದ್ದರಿಂದ ತಾವು ಆ ಫ್ಲೆಕ್ಸಿಗೆ ಒಂದು ಪಂಚೆಯನ್ನಾದರೂ ಹೊದಿಸಬೇಕು. ನೋಡಿಬಿಟ್ಟ ಮೈಸೂರಿಗರ ಮನೆಮನೆಗೂ ಹೋಗಿ ಮರೆತುಬಿಡುವಂತೆ ವಿನಂತಿಸಬೇಕು. ಉತ್ತರವನ್ನು ಮನೆಗೆ ಕಳಿಸಬೇಡಿ, ಅಂಚೆ ಒಡೆಯುವವರು ಇವರೇ. ಇವರು ಓದದ ಪತ್ರಿಕೆ ಯಾವುದೆಂದು ಹುಡುಕಿಯೇ ಇದನ್ನು ಅಚ್ಚಿಗೆ ಕೊಟ್ಟಿದ್ದೇನೆ.

ಇನ್ನೂ ಬೆರಗಾದಂತೆ ನಟಿಸುತ್ತಿರುವ,
ತಮ್ಮ ವಿಶ್ವಾಸಿ
ಪುಟ್ಟಲಿಂಗಮ್ಮ

ವಿ.ಸೂ.: ಮುಂದಿನ ವಾರದ ಪ್ರೇಮಕಥೆಯ ಫ್ಲೆಕ್ಸನ್ನೂ ನೋಡಿದೆ. ನಾಯಕಿ ಗೋಡೆಯ ಮೇಲೆ, ಹಾರ ಹಾಕಿದ ಫೋಟೋದಲ್ಲಿ ನಗುತ್ತಿದ್ದಾಳೆ. ಆಕೆಯ ಮನೆಯವರಿಗೆ ನನ್ನ ಸಂತಾಪವನ್ನು ಮುಂಚಿತವಾಗಿಯೇ ತಿಳಿಸಿಬಿಡಿ.