ಮೂರು ವಿಳಾಸದ ಪಿಸ್ತೂಲ್ ಸೀಗಡಿ

ಉಪ್ಪುನೀರಿನ ಟ್ಯಾಂಕ್ ಇಟ್ಟವರ ಮನೇಲಿ ಏನಾದ್ರೂ ಒಂದು ಆಗ್ತಾನೇ ಇರುತ್ತೆ. ಮೀನಿಗಾಗೋದು ಕಮ್ಮಿ, ಮನುಷ್ಯರಿಗಾಗೋದೇ ಜಾಸ್ತಿ.

ಎರಡು ಸಾವಿರದ ಇಸವಿ ಆಚೀಚೆ ಚಾಮರಾಜಪೇಟೆಯಲ್ಲಿ ನನ್ನದೊಂದು ಮೀನಿನ ಅಂಗಡಿ ಇತ್ತು. ಮನೆಮನೆಗೆ ಹೋಗಿ ಟ್ಯಾಂಕ್ ತೊಳೆಯೋದೂ ನಾನೇ. ಆಗ ಗಂಟುಬಿದ್ದದ್ದು ಈ ಸೀಗಡಿ. ಬೆರಳುದ್ದದ ಪ್ರಾಣಿ, ಇಕ್ಕಳದಂಥ ಒಂದು ಕೈ ಮಾತ್ರ ದಪ್ಪ. ಅದನ್ನ ಮಡಿಸಿ ಹೊಡೆದರೆ ಪಟಾಕಿ ಥರ ‘ಟಕ್’. ಅದಕ್ಕೇ ಪಿಸ್ತೂಲ್ ಸೀಗಡಿ ಅಂತಾರೆ.

ಎಲೆಕ್ಟ್ರಿಷಿಯನ್

ಬಸವನಗುಡಿಯ ಮೇಷ್ಟ್ರೊಬ್ಬರ ಟ್ಯಾಂಕಿಗೆ ಸಮುದ್ರದ ಕಲ್ಲು ಹಾಕಿ ಬಂದಿದ್ದೆ. ಕಲ್ಲಿನ ತೂತಲ್ಲಿ ಇದು ಕೂತಿದ್ದದ್ದು ನನಗೂ ಗೊತ್ತಿರಲಿಲ್ಲ. ಎರಡೇ ದಿನಕ್ಕೆ ಹಾಲ್‌ನಲ್ಲಿ ಟಕ್ ಟಕ್ ಶುರುವಾಯ್ತು. ಮೇಷ್ಟ್ರು ಎಲೆಕ್ಟ್ರಿಷಿಯನ್ ಕರೆಸಿದ್ರು. ಅವನು ಸ್ವಿಚ್ಚೆಲ್ಲಾ ಬದಲಾಯಿಸಿದ, ಆಮೇಲೆ ಮೇನ್ ಆಫ್ ಮಾಡಿದ. ಆದ್ರೂ ಟಕ್. ಕೊನೆಗೆ ನನಗೆ ಬುಲಾವ್ ಬಂತು. ಟಾರ್ಚ್ ಬಿಟ್ಟು ಕಲ್ಲಿನ ಸಂದಿಯಲ್ಲಿದ್ದ ಸೀಗಡಿ ತೋರಿಸಿದೆ. ಎಲೆಕ್ಟ್ರಿಷಿಯನ್ ಬಗ್ಗಿ ನೋಡಿ ಹೇಳಿದ, “ಮೇಷ್ಟ್ರೇ, ಇದು ನನ್ನ ಲೈನ್ ಅಲ್ಲ. ಆದ್ರೂ ಒಂದು ಅರ್ತಿಂಗ್ ಕೊಟ್ಬಿಡ್ಲಾ?”

ಹಲ್ಲಿನ ಡಾಕ್ಟ್ರು

ಕಲ್ಲು ಸಮೇತ ಸೀಗಡಿಯನ್ನ ಮಲ್ಲೇಶ್ವರದ ಹಲ್ಲಿನ ಡಾಕ್ಟ್ರೊಬ್ಬರ ಕ್ಲಿನಿಕ್ಕಿಗೆ ಸಾಗಿಸಿದೆ. ಜನ ಕಾಯೋ ಬೆಂಚಿನ ಎದುರು ಟ್ಯಾಂಕ್, ಅದರ ಹಿಂದೆ ಪ್ಲೈವುಡ್ ಅಡ್ಡಗೋಡೆ, ಅದರಾಚೆ ಡಾಕ್ಟ್ರ ಕುರ್ಚಿ. ನಾನು ಟ್ಯಾಂಕ್ ಒರೆಸ್ತಿದ್ದೆ. ಒಳಗೆ ಡಾಕ್ಟ್ರು “ಬಾಯಿ ಇನ್ನೂ ತೆಗೀರಿ” ಅಂದ್ರು. ಸೀಗಡಿ ಟಕ್ ಅಂತು.

“ಮುರಿದ್ಬಿಟ್ರು,” ಅಂದ ಬೆಂಚಿನಲ್ಲಿದ್ದವನೊಬ್ಬ.

ಮತ್ತೆ ಟಕ್. “ಎರಡಾಯ್ತು,” ಅಂತ ಚಪ್ಪಲಿ ಹುಡುಕಿದ. ಮೂರನೇದಕ್ಕೆ ಬೆಂಚೇ ಖಾಲಿ. ಡಾಕ್ಟ್ರು ಹೊರಗೆ ಬಂದಾಗ ಒಬ್ಬ ಅಜ್ಜಿ ಮಾತ್ರ ಕೂತಿದ್ರು.

“ಎಲ್ರೂ ಎಲ್ಲಿ ಹೋದ್ರಮ್ಮ?”

“ಹೆದರಿ ಓಡಿದ್ರಪ್ಪ. ನನಗೆ ಹಲ್ಲೇ ಇಲ್ಲ, ನಾನ್ಯಾಕೆ ಓಡ್ಲಿ?”

ಜೊತೆಗೊಂದು ಗೋಬಿ

ಮೂರನೇ ವಿಳಾಸ ನಮ್ಮ ಅಂಗಡಿ ಹಿಂದಿನ ರಸ್ತೆಯಲ್ಲೇ. ಬ್ಯಾಂಕಿಂದ ವಿಆರ್‌ಎಸ್ ತಗೊಂಡು ಮನೇಲಿದ್ದ ಯಜಮಾನರು, ಶುದ್ಧ ಸಸ್ಯಾಹಾರಿಗಳು. “ಸೀಗಡಿ ಒಂದೇ ಇದ್ರೆ ಬಿಲದಿಂದ ಆಚೆ ಬರಲ್ಲ, ಜೊತೆಗೆ ಒಂದು ಗೋಬಿ ಬೇಕು ಸಾರ್” ಅಂತ ಫೋನಲ್ಲಿ ಹೇಳಿದ್ದೆ. ಗೋಬಿ ಅಂದ್ರೆ ಒಂದು ಪುಟ್ಟ ಮೀನು. ಸಾಯಂಕಾಲ ಹೋದ್ರೆ, ಕಲಾಸಿಪಾಳ್ಯದಿಂದ ತಂದ ಹೂಕೋಸು ಟ್ಯಾಂಕ್ ಪಕ್ಕ ಕೂತಿದೆ.

ಯಜಮಾನರು ಕೇಳಿದ್ರು, “ಹೆಚ್ಚಿ ಹಾಕ್ಬೇಕಾ, ಇಡೀದೇನಾ?”

ಕಾವಲುಗಾರ

ಕೊನೆಗೆ ನಿಜವಾದ ಗೋಬಿ ಮೀನನ್ನೇ ತಂದು ಬಿಟ್ಟೆ. ಸೀಗಡಿಗೆ ಕಣ್ಣು ಮಂದ. ಅದು ದಿನವೆಲ್ಲಾ ಬಿಲದಿಂದ ಮರಳು ಹೊತ್ತು ಹಾಕುತ್ತೆ, ಗೋಬಿ ಬಿಲದ ಬಾಗಿಲಲ್ಲಿ ಕಾವಲು ನಿಲ್ಲುತ್ತೆ. ಯಜಮಾನರ ಹೆಂಡತಿ, ಅಮ್ಮನವರು, ಸ್ವಲ್ಪ ಹೊತ್ತು ನೋಡಿ ಅಂದ್ರು, “ನಮ್ಮನೆ ಥರಾನೇ. ಒಳಗೆ ಗೇಯೋದು ಒಬ್ರು, ಬಾಗಿಲಲ್ಲಿ ನಿಂತು ರಸ್ತೆ ನೋಡೋದು ಒಬ್ರು.”

“ಕಾವಲೂ ಕೆಲಸಾನೇ ಕಣೆ,” ಅಂದ್ರು ಯಜಮಾನರು.

ತಿಂಗಳಲ್ಲಿ ಆ ಗೋಬಿ ಟ್ಯಾಂಕಿಂದ ಹಾರಿ ಸತ್ತುಹೋಯ್ತು. ಸೀಗಡಿ ಬಿಲ ಸೇರ್ಕೊಂಡು ಆಚೆ ಬರ್ಲೇ ಇಲ್ಲ. ಅಮ್ಮನವರು ಕಣ್ಣೀರು ಹಾಕಿದ್ರು. ಇನ್ನೊಂದು ಗೋಬಿ ತಂದು ಬಿಟ್ಟೆ. ಅರ್ಧ ಗಂಟೆಗೆಲ್ಲಾ ಸೀಗಡಿ ಆಚೆ ಬಂದು, ಹೊಸದರ ಬೆನ್ನ ಮೇಲೆ ಮೀಸೆ ಇಟ್ಟು, ಮರಳು ಹೊರೋಕೆ ಶುರು ಮಾಡ್ತು.

ಅಮ್ಮನವರು ಕಣ್ಣೊರೆಸಿಕೊಂಡು, “ಅಷ್ಟೇನಾ? ಇಷ್ಟು ಸುಲಭವಾ?” ಅಂತ ಗಂಡನ ಕಡೆ ತಿರುಗಿದ್ರು.

ಮಾರನೇ ಬೆಳಗ್ಗೆ ನಾನು ಆ ಕಡೆ ಹೋದಾಗ ಯಜಮಾನರು ಪಂಚೆ ಎತ್ತಿ ಕಟ್ಟಿ ಅಂಗಳ ಗುಡಿಸ್ತಿದ್ರು. ನನ್ನ ನೋಡಿ ಹತ್ತಿರ ಬಂದ್ರು.

“ಅಂಗಡೀಲಿ ಇನ್ನೂ ಗೋಬಿ ಇದೆಯೇನ್ರಿ?”

“ಇದೆ ಸಾರ್.”

“ಇದೆ ಅಂತ ನಮ್ಮನೆಯವರಿಗೆ ಮಾತ್ರ ಹೇಳ್ಬೇಡಿ.”